ಏನಿಲ್ಲ ಡಾಕ್ಟ್ರೇ, ಸ್ವಲ್ಪ ಗ್ಯಾಸು

ಕಾಯಿಲೆಯ ವಿಷಯದಲ್ಲಿ ನಮ್ಮ ಜನ ಒಂದಕ್ಷರ ಮುಚ್ಚಿಡದೆ ಸತ್ಯ ಹೇಳುವ ಜಾಗವೊಂದಿದೆ. ಡಾಕ್ಟರ ಕೊಠಡಿಯ ಹೊರಗಿನ ಬೆಂಚು. ಟೋಕನ್ ಹಿಡಿದು ಕೂತ ಯಜಮಾನರೊಬ್ಬರು, ಹೆಸರು ಕೂಡ ಗೊತ್ತಿಲ್ಲದ ಪಕ್ಕದವನ ಮುಂದೆ ಎಲ್ಲವನ್ನೂ ಬಿಚ್ಚಿಡುತ್ತಾರೆ. ಮಹಡಿ ಹತ್ತಿದರೆ ಎದೆ ಹಿಡಿದ ಹಾಗಾಗುತ್ತೆ, ನಿಂತರೆ ಬಿಡುತ್ತೆ. ದಸರಾದಲ್ಲಿ ಶುರುವಾದದ್ದು, ದೀಪಾವಳಿಗೆ ಜಾಸ್ತಿ ಆಯ್ತು. ಎಡಗೈ ಸೆಳೆತ ಬೇರೆ. ಬಿಪಿ ಮಾತ್ರೆ ಬಿಟ್ಟು ಎರಡು ತಿಂಗಳು. ಷಡ್ಡಕನ ಕಿಡ್ನಿ ಹೋದದ್ದು ಅದೇ ಮಾತ್ರೆಯಿಂದ ಅಂತ ನಾದಿನಿ ಹೇಳಿದ್ದಾಳೆ. ಬೆಳಿಗ್ಗೆ ಬೆಳ್ಳುಳ್ಳಿ ಕಷಾಯ, ಸಂಜೆ ಇನ್ನೊಂದು ಥರದ ಕಷಾಯ, ಅದು ಮನೆಯಲ್ಲಿ ಗೊತ್ತಿಲ್ಲ. ಹೃದ್ರೋಗ ತಜ್ಞರು ಕಾಸು ಕೊಟ್ಟಾದರೂ ಕೇಳಬೇಕಾದ ಮಾತುಗಳಿವು. ಪಕ್ಕದವನು ಪುಕ್ಕಟೆ ಕೇಳಿಸಿಕೊಂಡು, ‘ನಮ್ಮ ಮಾವನಿಗೂ ಹಿಂಗೇ ಆಗ್ತಿತ್ತು, ಹೋಗ್ಬಿಟ್ರು’ ಎಂದು ಧೈರ್ಯ ಹೇಳುತ್ತಾನೆ.

ಅಷ್ಟರಲ್ಲಿ ಟೋಕನ್ ಕೂಗುತ್ತಾರೆ. ಯಜಮಾನರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ.

‘ಏನಾಗ್ತಿದೆ ಯಜಮಾನ್ರೇ?’

‘ಏನಿಲ್ಲ ಡಾಕ್ಟ್ರೇ, ಸ್ವಲ್ಪ ಗ್ಯಾಸು.’

ಇಲ್ಲಿಗೆ ಮಾತು ಮುಗಿಯಿತು. ಚಪ್ಪಲಿಯ ಜೊತೆಗೆ ಕಾಯಿಲೆಯನ್ನೂ ಬಾಗಿಲಾಚೆ ಬಿಟ್ಟು ಬರುವುದು ನಮ್ಮ ಸಂಸ್ಕಾರ. ದೊಡ್ಡವರ ಮುಂದೆ ಹೆಚ್ಚು ಮಾತಾಡಬಾರದು. ಅದರಲ್ಲೂ ಅವರ ಕೊರಳಲ್ಲಿ ಸ್ಟೆತಸ್ಕೋಪ್ ಇದ್ದರೆ ಉಸಿರೂ ಜೋರಾಗಿ ಬಿಡಬಾರದು, ಅವರೇ ‘ಜೋರಾಗಿ ಉಸಿರು ತಗೊಳ್ಳಿ’ ಅನ್ನುವ ತನಕ.

ಗ್ಯಾಸಿನ ಮಹಿಮೆ ಹೇಳದೆ ಮುಂದೆ ಹೋಗುವಂತಿಲ್ಲ. ಅಂಗರಚನಾಶಾಸ್ತ್ರದ ಪ್ರಕಾರ ಅದರ ವಾಸ ಹೊಟ್ಟೆ ಮತ್ತು ಕರುಳು. ಕರ್ನಾಟಕದಲ್ಲಿ ಮಾತ್ರ ಅದಕ್ಕೆ ಮೈಯಲ್ಲೆಲ್ಲ ಓಡಾಡುವ ಪರ್ಮಿಟ್ ಇದೆ. ಬೆನ್ನಲ್ಲಿ ಹಿಡಿದುಕೊಂಡರೆ ಗ್ಯಾಸು, ಮಂಡಿಗೆ ಇಳಿದರೆ ವಾಯು, ತಲೆಗೆ ಏರಿದರೆ ಪಿತ್ತ, ಎದೆಗೆ ಬಂದರೆ ಒಂದು ಸೋಡಾ. ಹೃದಯದ ಕೆಳಗೋಡೆಗೆ ರಕ್ತ ನಿಂತಾಗ ಹೊಟ್ಟೆಯ ಮೇಲ್ಭಾಗ ಉರಿದ ಹಾಗೆಯೇ ಆಗಬಹುದು, ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಹೃದಯಾಘಾತ ಆಗಿಹೋಗಬಹುದು ಎಂದು ಡಾಕ್ಟರುಗಳು ವರ್ಷವಿಡೀ ಟಿವಿಯಲ್ಲಿ ಕೂತು ಹೇಳುತ್ತಲೇ ಇರುತ್ತಾರೆ. ನಾವೂ ಕೈಯಲ್ಲಿ ಸೋಡಾ ಹಿಡಿದು ನೋಡುತ್ತಲೇ ಇರುತ್ತೇವೆ. ‘ಮಹಡಿ ಹತ್ತಿದರೆ ಎದೆ ಹಿಡಿಯುತ್ತೆ, ನಿಂತರೆ ಬಿಡುತ್ತೆ’ ಎಂಬ ಒಂದು ವಾಕ್ಯ ಒಳಗೆ ಬಿದ್ದಿದ್ದರೆ ಯಜಮಾನರು ಆ ಮಧ್ಯಾಹ್ನವೇ ಇಸಿಜಿ ಮೇಜಿನ ಮೇಲೆ ಮಲಗಿರುತ್ತಿದ್ದರು. ಅವರು ಕಾಯಿಲೆಯ ಬದಲು ಕಾಯಿಲೆಯ ಹೆಸರನ್ನೇ ತೆಗೆದುಕೊಂಡು ಹೋದರು. ಡಾಕ್ಟರೂ ಅದನ್ನೇ ತೆಗೆದುಕೊಂಡು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಬರೆದರು. ಇಬ್ಬರಿಗೂ ಸಮಯ ಉಳಿಯಿತು.

ಡಾಕ್ಟರ ಕಡೆಯ ಲೆಕ್ಕವನ್ನೂ ನೋಡೋಣ, ಇಲ್ಲದಿದ್ದರೆ ಪಕ್ಷಪಾತ ಅಂತಾರೆ. ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಎಂಬಿಬ್ಬರು ಅಮೆರಿಕದಲ್ಲಿ ಕುಳಿತು 1984ರಲ್ಲಿ ಅಳೆದು ಹೇಳಿದರು: ರೋಗಿ ಬಾಯಿ ತೆರೆದು ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಾರೆ. 2018ರಲ್ಲಿ ಅದೇ ದೇಶದಲ್ಲಿ ಇನ್ನೊಂದು ತಂಡ ಅಳೆದಾಗ ಅದು 11 ಸೆಕೆಂಡಿಗೆ ಇಳಿದಿತ್ತು. ವಿಜ್ಞಾನ ಮುಂದುವರಿಯುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕೆ? ಬಿಎಂಜೆ ಓಪನ್ ಪತ್ರಿಕೆ 2017ರಲ್ಲಿ 67 ದೇಶಗಳ ಲೆಕ್ಕ ಒಟ್ಟುಮಾಡಿತು. ಸ್ವೀಡನ್ನಿನ ರೋಗಿಗೆ ಡಾಕ್ಟರ ಮುಂದೆ ಸಿಗುವುದು ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದವನಿಗೆ 48 ಸೆಕೆಂಡ್, ನಮಗೆ ಸುಮಾರು ಎರಡು ನಿಮಿಷ. ಆ ಎರಡು ನಿಮಿಷದಲ್ಲೇ ಸ್ಟೂಲಿನ ಮೇಲೆ ಕೂರಬೇಕು, ತೋಳು ಮಡಿಸಬೇಕು, ಬಿಪಿ ಪಟ್ಟಿ ಊದಬೇಕು, ಹಳೇ ಚೀಟಿ ಬ್ಯಾಗಿನಲ್ಲಿ ಹುಡುಕಬೇಕು. ಅದೇ ಹೊತ್ತಿಗೆ ಟೈ ಕಟ್ಟಿದ ಮೆಡಿಕಲ್ ರೆಪ್ ಬಾಗಿಲ ಸಂದಿಯಲ್ಲಿ ಮುಖ ತೂರಿಸಿ ಕಿರುನಗೆ ಬೀರಬೇಕು, ಡಾಕ್ಟರ ಮೊಬೈಲು ರಿಂಗಾಗಬೇಕು. ಇದರ ನಡುವೆ ರೋಗಿಯ ಪಾಲಿಗೆ ಉಳಿಯುವುದು ‘ಸ್ವಲ್ಪ’ ಮತ್ತು ‘ಗ್ಯಾಸು’.

ತಾಲ್ಲೂಕು ಆಸ್ಪತ್ರೆಯ ಒಪಿಡಿಯಲ್ಲಿ ಸಂತೆಯ ದಿನ ಕೂರುವ ಡಾಕ್ಟರನ್ನು ನಾನು ಬೈಯಲಾರೆ. ಊರಿಂದ ಬಂದವರು ಮೆಣಸಿನಕಾಯಿ ಮಾರಿ, ಬೀಜ ಕೊಂಡು, ಹಾಗೇ ಮೈ ತೋರಿಸಿಕೊಂಡು ಬಸ್ಸು ಹಿಡಿಯಬೇಕು. ಆ ಸಾಲಿನ ಮುಂದೆ ಸಾಕ್ಷಾತ್ ಧನ್ವಂತರಿ ಕೂತರೂ ‘ನೆಕ್ಸ್ಟ್’ ಎಂದೇ ಅನ್ನುತ್ತಾನೆ. ಆದರೆ ಗಾಜಿನ ಬಾಗಿಲು, ಎಸಿ, ಮೀನಿನ ತೊಟ್ಟಿ ಇಟ್ಟುಕೊಂಡು, ಗಂಟೆಗೆ ಎಷ್ಟು ಜನ ಎಂದು ತಾನೇ ಅಪಾಯಿಂಟ್‌ಮೆಂಟ್ ಹಂಚಿದ ಡಾಕ್ಟರಿಗೂ ಅದೇ ಎರಡು ನಿಮಿಷ ಯಾಕೆ? ಅವರು ನೋಡುವುದು ಕಂಪ್ಯೂಟರ್ ಪರದೆಯನ್ನು. ಪರದೆಯ ಆರೋಗ್ಯ ಚೆನ್ನಾಗಿದೆ ಎಂದು ಖಾತ್ರಿಯಾದ ಮೇಲೆ ರೋಗಿಯ ಕಡೆ ಒಮ್ಮೆ ತಿರುಗುತ್ತಾರೆ.

ಸ್ವಿಟ್ಜರ್ಲೆಂಡಿನಲ್ಲಿ ಡಾಕ್ಟರುಗಳಿಗೆ ಬಾಯಿ ಮುಚ್ಚಿ ಕೂರಲು ಹೇಳಿ, ರೋಗಿ ತಾನಾಗಿ ಎಷ್ಟು ಹೊತ್ತು ಮಾತಾಡುತ್ತಾನೆ ಎಂದು ನೋಡಿದರಂತೆ. 2002ರಲ್ಲಿ ಪ್ರಕಟವಾದ ಆ ಲೆಕ್ಕದ ಸರಾಸರಿ 92 ಸೆಕೆಂಡ್. ಅಷ್ಟೇ! ತಡೆಯದೆ ಬಿಟ್ಟರೆ ಮನುಷ್ಯ ಒಂದೂವರೆ ನಿಮಿಷದಲ್ಲಿ ತನ್ನ ಕಷ್ಟ ಹೇಳಿ ಮುಗಿಸುತ್ತಾನೆ. ನಮ್ಮವರ ಮೇಲೆ ಈ ಪ್ರಯೋಗ ಮಾಡುವ ಮೊದಲು ಯೋಚಿಸಬೇಕು, ನಿಜ. ನಮ್ಮಲ್ಲಿ ಹೊಟ್ಟೆನೋವಿನ ಕತೆ ಹೊಟ್ಟೆಯಿಂದ ಶುರುವಾಗುವುದಿಲ್ಲ. ‘ಮೊನ್ನೆ ತಿಪಟೂರಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ ಇತ್ತಲ್ಲ ಡಾಕ್ಟ್ರೇ’ ಎಂದು ಶುರುವಾಗಿ, ಚಪ್ಪರ, ಬೀಗರು, ಎರಡನೇ ಪಂಕ್ತಿಗೆ ಪಾಯಸ ಮುಗಿದದ್ದು ಎಲ್ಲ ದಾಟಿ ಹೊಟ್ಟೆಗೆ ಬರುತ್ತದೆ. ಆದರೂ ತಾಳ್ಮೆಯಿಂದ ಕೇಳುವ ಡಾಕ್ಟರಿಗೆ ಆ ಪಾಯಸದಲ್ಲೇ ಫುಡ್ ಪಾಯ್ಸನ್ ಸಿಗುತ್ತದೆ. ತಡೆದವರಿಗೆ ಸಿಗುವುದು ಸ್ಕ್ಯಾನ್ ರಿಪೋರ್ಟ್.

ಸ್ಕ್ಯಾನ್ ಅಂದಾಗ ನೆನಪಾಯಿತು. ಮಾತಿಗೆ ನಾವು ಕಾಸು ಕೊಡುವುದಿಲ್ಲ, ಹಾಗಾಗಿ ಅವರು ಮಾರುವುದೂ ಇಲ್ಲ. ವೈರಲ್ ಜ್ವರ, ಆಂಟಿಬಯೋಟಿಕ್ ಬೇಡ, ನೀರು ಕುಡಿಯಿರಿ, ಮೂರು ದಿನದಲ್ಲಿ ಇಳಿಯದಿದ್ದರೆ ಬನ್ನಿ ಎಂದು ಹತ್ತು ನಿಮಿಷ ಕೂತು ವಿವರಿಸಿದ ಡಾಕ್ಟರ ಬಗ್ಗೆ ಊರು ಏನನ್ನುತ್ತದೆ? ‘ಬರೀ ಮಾತಾಡಿ ಕಳಿಸಿದ್ರು ಕಣ್ರೀ, ಒಂದು ಇಂಜೆಕ್ಷನ್ನೂ ಹಾಕಲಿಲ್ಲ. ಅದಕ್ಕೆ ಐನೂರು ರೂಪಾಯಿ!’ ಎದುರು ಬೀದಿಯವರು ಒಂದು ಮಾತೂ ಆಡದೆ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಅವರಿಗೆ ಕೈಗುಣ ಇದೆ. ಅರ್ಧ ಲೀಟರಿನ ಆ ಐದು ಪರ್ಸೆಂಟ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ ಮತ್ತು ನೀರು. ಬಾಯಿ ಇರುವವರು ಒಂದು ಲೋಟ ಪಾನಕ ಕುಡಿದರೆ ನಡೆಯುತ್ತದೆ. ಆದರೆ ಪಾನಕಕ್ಕೆ ಸ್ಟ್ಯಾಂಡ್ ಇಲ್ಲ, ಸೂಜಿ ಇಲ್ಲ, ನೋಡಲು ಬಂದ ನೆಂಟರಿಗೆ ತೋರಿಸಲು ಏನೂ ಇಲ್ಲ.

ಇನ್ನು ರೋಗಿಯ ವಕ್ತಾರರು. ನಮ್ಮಲ್ಲಿ ಕಾಯಿಲೆ ಒಬ್ಬರಿಗೆ, ಬಾಯಿ ಇನ್ನೊಬ್ಬರಿಗೆ.

‘ಹೊಟ್ಟೆನೋವು ಯಾವಾಗಿಂದ ಅಮ್ಮಾ?’

‘ಮೂರು ದಿನ ಆಯ್ತು ಸಾರ್,’ ಎನ್ನುತ್ತಾನೆ ಗಂಡ.

‘ಎಡಗಡೇನೋ ಬಲಗಡೇನೋ?’

‘ಬಲಗಡೆ ಸಾರ್.’ ಗಂಡ ತನ್ನ ಹೊಟ್ಟೆಯನ್ನೇ ಮುಟ್ಟಿ ತೋರಿಸುತ್ತಾನೆ.

‘ಅಮ್ಮಾ, ಕೊನೇ ಸಲ ಮುಟ್ಟಾಗಿದ್ದು ಯಾವಾಗ?’

ಗಂಡ ಫ್ಯಾನ್ ನೋಡುತ್ತ ಲೆಕ್ಕ ಹಾಕುತ್ತಾನೆ. ‘ಗೌರಿ ಹಬ್ಬಕ್ಕೆ ಇವಳು ಪೂಜೆಗೆ ಕೂರಲಿಲ್ಲ ಸಾರ್, ನಮ್ಮಮ್ಮನೇ ಮಾಡಿದ್ದು. ಅದೇ ಲೆಕ್ಕ.’

ಹೆಂಡತಿ ಸೆರಗಿನ ತುದಿ ಸುತ್ತುತ್ತ ಕೂತಿರುತ್ತಾಳೆ. ನೋವು ಮೂರು ದಿನದ್ದಲ್ಲ, ಮೂರು ತಿಂಗಳಿನದು. ಬಿಳಿ ಮುಟ್ಟು ಹೋಗುತ್ತದೆ, ಕೂಡುವಾಗ ನೋವಾಗುತ್ತದೆ. ಇಷ್ಟನ್ನೂ ಹೊರಗೆ ನೆಲ ಒರೆಸುವ ಆಯಮ್ಮನಿಗೆ ಹೇಳಿಯಾಗಿದೆ. ಒಳಗೆ ಹೇಳಲು ಬಾಯಿ ಅವಳದಲ್ಲ. ‘ಒಂದ್ನಿಮಿಷ ನೀವು ಹೊರಗಿರಿ’ ಎಂದು ಡಾಕ್ಟರು ಗಂಡನಿಗೆ ಹೇಳಬಹುದು. ಅದಕ್ಕೆ ಯಂತ್ರ ಬೇಡ, ಲೈಸೆನ್ಸ್ ಬೇಡ, ಖರ್ಚೂ ಇಲ್ಲ. ಬಹುಶಃ ಅದಕ್ಕೇ ಅಷ್ಟು ಅಪರೂಪ.

ಅಪ್ಪ ಅಮ್ಮಂದಿರ ಪಾಲಿಗೆ ಇನ್ನೂ ದೊಡ್ಡ ವಕ್ತಾರರಿದ್ದಾರೆ. ನ್ಯೂಜೆರ್ಸಿಯ ಮಗ ವೀಡಿಯೊ ಕಾಲಿನಲ್ಲಿ ಪ್ರತ್ಯಕ್ಷನಾಗಿ, ಅಲ್ಲಿಯ ನಡುರಾತ್ರಿಯಲ್ಲಿ ಗೂಗಲ್ ಮಾಡಿಕೊಂಡ ಪ್ರಶ್ನೆಗಳನ್ನು ಒಂದಾದ ಮೇಲೊಂದು ಎಸೆಯುತ್ತಾನೆ. ಎಜೆಕ್ಷನ್ ಫ್ರ್ಯಾಕ್ಷನ್ ಎಷ್ಟು, ಸ್ಟೆಂಟ್ ಯಾವ ಕಂಪನಿದು. ಅಪ್ಪ ಊಟ ಮಾಡುತ್ತಿದ್ದಾರೋ ಇಲ್ಲವೋ ಎಂಬುದೊಂದು ಅವನ ಪಟ್ಟಿಯಲ್ಲಿಲ್ಲ. ಇಲ್ಲಿರುವ ಮಗಳದು ಬೇರೆ ಚಿಂತೆ: ‘ಅಪ್ಪನಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ.’ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಆಸ್ಪತ್ರೆಯ ಗೇಟಿನ ಮುಂದೆ ಆಟೋದಿಂದ ಇಳಿಸಿ, ಕೈ ಹಿಡಿದು ನಡೆಸಿಕೊಂಡು ಹೋಗುತ್ತ, ‘ಏನಿಲ್ಲಪ್ಪ, ಸಣ್ಣದೊಂದು ಗಡ್ಡೆ’ ಅನ್ನುತ್ತಾಳೆ. ಕಿದ್ವಾಯಿ ಎಂದರೆ ಏನೆಂದು ಆಟೋದವನಿಗೆ ಗೊತ್ತು, ಗೇಟಿನಲ್ಲಿ ಎಳನೀರು ಮಾರುವವನಿಗೆ ಗೊತ್ತು, ಅಪ್ಪನಿಗಂತೂ ಮೊದಲೇ ಗೊತ್ತು. ಮಕ್ಕಳಿಗೆ ಬೇಜಾರಾಗಬಾರದು ಅಂತ ಪಾಪ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಡಾಕ್ಟರೂ ಈ ನಾಟಕಕ್ಕೆ ಸೇರಿಕೊಂಡು, ಯಾರ ಮೈಯೋ ಅವರನ್ನು ಬಿಟ್ಟು ಉಳಿದವರಿಗೆಲ್ಲ ಕಾರಿಡಾರಿನಲ್ಲಿ ನಿಂತು ವಿವರಿಸುತ್ತಾರೆ.

ಡಾಕ್ಟರ ಹತ್ತಿರ, ಲಾಯರ ಹತ್ತಿರ ಸುಳ್ಳು ಹೇಳಬಾರದು ಎಂದು ಎಲ್ಲ ಹಿರಿಯರೂ ಹೇಳುತ್ತಾರೆ. ಹೇಳಿ, ಶುಗರ್ ಟೆಸ್ಟಿಗೆ ಮುಂಚಿನ ಎರಡು ದಿನ ಬರೀ ರಾಗಿ ಅಂಬಲಿ ಕುಡಿದು, ಪಾರ್ಕಿನಲ್ಲಿ ಏಳು ಸುತ್ತು ಹಾಕಿ, ಪರೀಕ್ಷೆಗೆ ಹಾಜರಾಗುತ್ತಾರೆ. ಫಾಸ್ಟಿಂಗ್ ಶುಗರ್ ಪಾಸು. ಆದರೆ ಎಚ್‌ಬಿಎ1ಸಿ ಎಂಬ ಚಾಡಿಕೋರ ಪರೀಕ್ಷೆಯೊಂದು ಬಂದಿದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಅಂಟಿದ ಸಕ್ಕರೆಯನ್ನು ಹೊತ್ತುಕೊಂಡೇ ತಿರುಗುತ್ತದೆ. ಯುಗಾದಿಯ ಒಬ್ಬಟ್ಟು ಮೇ ತಿಂಗಳ ರಿಪೋರ್ಟಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತದೆ. ‘ಲ್ಯಾಬಿನವರು ಏನೋ ತಪ್ಪು ಮಾಡಿದಾರೆ ಡಾಕ್ಟ್ರೇ’ ಎಂಬುದು ಆಗ ರೋಗಿಯ ಕೊನೆಯ ವಾದ. ಪರೀಕ್ಷೆಯಲ್ಲಿ ಡಾಕ್ಟರನ್ನು ಸೋಲಿಸಿ ಗೆದ್ದ ಬಹುಮಾನವಾಗಿ ಕಣ್ಣಿನ ನರವನ್ನೋ ಕಾಲಿನ ಬೆರಳನ್ನೋ ಕೊಟ್ಟುಬರುವ ಈ ಸ್ಪರ್ಧೆ ಯಾರ ಜೊತೆಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸುಳ್ಳಿಗಿಂತ ದುಬಾರಿ ಎಂದರೆ, ಕೇಳಲಿಲ್ಲ ಅಂತ ಹೇಳದೆ ಬಿಟ್ಟದ್ದು. ಥೈರಾಯ್ಡ್ ಮಾತ್ರೆಯನ್ನೇ ನೋಡಿ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಕಾಫಿ. ಇದು ಹೇಳಬೇಕಾದ ಮಾತು. ಡಾಕ್ಟರು ‘ಬೆಳಿಗ್ಗೆ ಖಾಲಿ ಹೊಟ್ಟೆಗೆ’ ಎಂದು ನಿಲ್ಲಿಸುತ್ತಾರೆ. ನಮ್ಮ ಮನೆಗಳಲ್ಲಿ ಖಾಲಿ ಹೊಟ್ಟೆ ಎಂದರೆ ತಿಂಡಿಗೆ ಮುಂಚೆ, ಫಿಲ್ಟರ್ ಕಾಫಿ ಆದ ಮೇಲೆ. ಕಾಫಿಯನ್ನು ಹೊಟ್ಟೆಗೆ ಹಾಕಿಕೊಳ್ಳುವ ಪದಾರ್ಥವೆಂದು ಹಾಸನ, ಚಿಕ್ಕಮಗಳೂರಿನ ಕಡೆ ಯಾರೂ ಎಣಿಸುವುದಿಲ್ಲ. ಹಾಗಾಗಿ ಅಮ್ಮ ಮಾತ್ರೆಯನ್ನು ಕಾಫಿಯ ಜೊತೆಗೇ ನುಂಗುತ್ತಾರೆ. ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಟಿಎಸ್‌ಎಚ್ ಇಳಿಯುವುದಿಲ್ಲ. ಡಾಕ್ಟರು 50 ಇದ್ದದ್ದನ್ನು 75 ಮಾಡುತ್ತಾರೆ, 75 ಇದ್ದದ್ದನ್ನು 100 ಮಾಡುತ್ತಾರೆ. ಅಮ್ಮನೂ ಡಿಕಾಕ್ಷನ್ ಗಟ್ಟಿ ಮಾಡಿಕೊಳ್ಳುತ್ತಾರೆ, ಸುಸ್ತು ಹೋಗಲಿ ಅಂತ. ವರ್ಷಗಟ್ಟಲೆ ನಡೆಯುವ ಈ ಪೈಪೋಟಿಯಲ್ಲಿ ‘ಕಾಫಿ’ ಎಂಬ ಎರಡಕ್ಷರವನ್ನು ಯಾರೂ ಉಚ್ಚರಿಸುವುದಿಲ್ಲ.

ಕಷಾಯದ ಕತೆಯೂ ಇದೇ. ‘ಬೇರೆ ಏನಾದರೂ ಔಷಧಿ ತಗೊಳ್ತೀರಾ?’ ‘ಇಲ್ಲ.’ ಅಮೃತಬಳ್ಳಿ ಔಷಧಿಯಲ್ಲ, ಮನೆಮದ್ದು. ಮಂಡಿನೋವಿಗೆ ಊರಿಂದ ತರಿಸುವ ಪುಡಿ ಔಷಧಿಯಲ್ಲ, ನಾಟಿ. ಮೆಡಿಕಲ್ ಸ್ಟೋರಿನಲ್ಲಿ ಬಿಡಿಯಾಗಿ ಕೊಳ್ಳುವ ನೋವಿನ ಮಾತ್ರೆಯಂತೂ ಲೆಕ್ಕಕ್ಕೇ ಇಲ್ಲ. ಮುಂಬೈಯ ವೈದ್ಯರು 2021ರಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರಿಬ್ಬರು ಇತ್ಯರ್ಥ ಮಾಡಿಕೊಳ್ಳಲಿ. ನಮ್ಮ ಕೆಲಸ ಇಷ್ಟೇ ಇತ್ತು: ಮನೆಯಲ್ಲಿರುವ ಶೀಶೆ, ಪೊಟ್ಟಣ, ಮಾತ್ರೆ ಹಾಳೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಡಾಕ್ಟರ ಮೇಜಿನ ಮೇಲೆ ಸುರಿಯುವುದು. ಆದರೆ ಯಾವನಾದರೂ ಧೈರ್ಯ ಮಾಡಿ ಸುರಿದರೆ ಸಿಗುವುದೇನು? ‘ಯಾರ್ರೀ ಇದನ್ನೆಲ್ಲ ತಿನ್ನೋಕೆ ಹೇಳಿದ್ದು? ಸಾಯ್ತೀರಾ!’ ಮುಂದಿನ ಸಲದಿಂದ ಆತನೂ ಏನೂ ತಗೊಳ್ಳುವುದಿಲ್ಲ ಡಾಕ್ಟ್ರೇ. ರೋಗಿಗಳಿಗೆ ಸುಳ್ಳು ಕಲಿಸುವ ಶಾಲೆಗಳ ಪೈಕಿ ಅತಿ ಹೆಚ್ಚು ಫೀಸು ತೆಗೆದುಕೊಳ್ಳುವುದು ಇದೇ.

ಮಾತಾಡುವುದನ್ನು ಡಾಕ್ಟರುಗಳಿಗೆ ಕಲಿಸಬೇಕು ಎಂದು ಸರ್ಕಾರಕ್ಕೆ ಹೊಳೆದದ್ದು ಇತ್ತೀಚೆಗೆ. 206 ಎಲುಬಿನ ಹೆಸರು ಬಾಯಿಪಾಠ ಮಾಡಿಸುತ್ತಿದ್ದ ಎಂಬಿಬಿಎಸ್‌ಗೆ 2019ರ ಹೊಸ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ ಮತ್ತು ಸಂವಹನದ ಪಾಠವೂ ಸೇರಿತು. ಶುರುವಿನಲ್ಲೇ ಸ್ಥಳೀಯ ಭಾಷೆಯ ತರಗತಿಯೂ ಉಂಟು. ಆ ತರಗತಿಯಲ್ಲಿ ‘ಎಲ್ಲಿ ನೋವು?’ ಎಂದು ಕಲಿತುಬಂದ ಹೊರರಾಜ್ಯದ ಹುಡುಗಿ ಹುಬ್ಬಳ್ಳಿಯಲ್ಲಿ ವಾರ್ಡಿಗೆ ಹೋದರೆ, ಅಜ್ಜಿ ‘ಹೊಟ್ಯಾಗ ಕಲಸಿದಂಗಾಗಿ ಜೀವ ಝಲ್ ಅಂತೈತಿ ನೋಡವ್ವಾ’ ಎನ್ನುತ್ತಾಳೆ. ಹುಡುಗಿ ಪಕ್ಕದ ನರ್ಸ್ ಕಡೆ ನೋಡುತ್ತಾಳೆ. ನರ್ಸ್ ಕೊಟ್ಟಾಯಂನವಳು. ಆದರೂ ಅಜ್ಜಿಯ ಕೈ ಹಿಡಿದುಕೊಂಡು ಇನ್ನೊಮ್ಮೆ ಕೇಳುವುದು ಈ ಇಬ್ಬರೇ. ಕನ್ನಡ ಚೆನ್ನಾಗಿ ಬರುವ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು, ಅಜ್ಜಿಯ ಮಂಚದ ಕಾಲಬದಿಯಲ್ಲಿ ನಿಂತು, ಇಂಗ್ಲಿಷಿನಲ್ಲಿ ಫೈಲಿನ ಜೊತೆ ಮಾತಾಡಿ ಹೋಗುತ್ತಾರೆ.

ಇನ್ನು ಸಹಿ. ಬೆಂಗಳೂರಿನವರು ಮೂವತ್ತು ನಲವತ್ತರ ಸೈಟು ಕೊಳ್ಳುವಾಗ ಮದರ್ ಡೀಡ್ ಕೇಳುತ್ತಾರೆ, ಖಾತಾ ನೋಡುತ್ತಾರೆ, ಮೂವತ್ತು ವರ್ಷದ ಇಸಿ ತೆಗೆಸಿ ಲಾಯರ ಕೈಲಿ ಓದಿಸುತ್ತಾರೆ. ಅದೇ ಮನುಷ್ಯ ಹೆಂಡತಿಯ ಗರ್ಭಕೋಶ ತೆಗೆಸುವಾಗ ‘ಇಲ್ಲಿ, ಇಲ್ಲಿ, ಇಲ್ಲೊಂದು’ ಎಂದು ನರ್ಸ್ ಬೆರಳಿಟ್ಟ ಕಡೆಯೆಲ್ಲ, ಒಂದಕ್ಷರ ಓದದೆ, ಹತ್ತು ಸೆಕೆಂಡಿನಲ್ಲಿ ಸಹಿ ಹಾಕುತ್ತಾನೆ. ಸೈಟಿನ ಮೇಲೆ ಋಣಭಾರ ಇದೆಯಾ ಎಂದು ಕೇಳಿದವನು ಆಪರೇಷನ್ ಬೇಕೇ ಬೇಕಾ, ಬೇರೆ ದಾರಿ ಇಲ್ಲವಾ, ಮಾಡದಿದ್ದರೆ ಏನಾಗುತ್ತೆ ಎಂದು ಕೇಳುವುದಿಲ್ಲ. ಹೆಂಡತಿಯ ಸಹಿ ಇರಲಿ ಅಂತ ಯಾರಿಗೂ ಅನ್ನಿಸುವುದೂ ಇಲ್ಲ. ದೆಹಲಿಯ ಪ್ರಕರಣವೊಂದರಲ್ಲಿ ಮಗಳು ಅರಿವಳಿಕೆಯಲ್ಲಿ ಮಲಗಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ರೋಗಿಗೆ ಬುದ್ಧಿ ನೆಟ್ಟಗಿದ್ದು, ತುರ್ತಿಲ್ಲದಿದ್ದಾಗ ಒಪ್ಪಿಗೆ ಆಕೆಯದೇ ಆಗಬೇಕು, ಅದೂ ವಿವರ ತಿಳಿದು ಕೊಟ್ಟದ್ದಾಗಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತು. ಕೋರ್ಟ್ ಹೇಳಿದ್ದು ಇಂಗ್ಲಿಷಿನಲ್ಲಿ, ಫಾರಂ ಇರುವುದೂ ಇಂಗ್ಲಿಷಿನಲ್ಲಿ. ಅವೆರಡೂ ಪರಸ್ಪರ ಅರ್ಥಮಾಡಿಕೊಂಡರೆ ಸಾಕು ಎಂದು ಆಸ್ಪತ್ರೆಯವರು ಭಾವಿಸಿರಬೇಕು.

ಕೊನೆಗೆ ಚೀಟಿ. ಔಷಧಿಯ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ ಬರೆಯಿರಿ ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ಮಾಡಿತು. ಒಂಬತ್ತು ವರ್ಷದ ಮೇಲೆ ಪಂಜಾಬ್–ಹರಿಯಾಣ ಹೈಕೋರ್ಟ್, ಓದಬಲ್ಲ ಚೀಟಿ ಪಡೆಯುವುದು ರೋಗಿಯ ಮೂಲಭೂತ ಹಕ್ಕು ಎನ್ನಬೇಕಾಯಿತು. ನಿಯಮವನ್ನು ಎಷ್ಟು ಜನ ಓದಿದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದಿತು. ಕೆಲವರು ಬರೆದು ಫೋಟೊ ಹಾಕಿದರು, ನಾವು ಚಪ್ಪಾಳೆ ತಟ್ಟಿದೆವು. ಆಗಲಿ. ಓದಲಾಗದ ಹಾಗೆ ಬರೆಯುವುದು ಕನ್ನಡದಲ್ಲೂ ಕಷ್ಟವೇನಲ್ಲ, ಒತ್ತಕ್ಷರಗಳು ಅದಕ್ಕೆ ಸಹಕಾರಿ. ನನಗೆ ಬೇಕಾದದ್ದು ಯಾವ ಲಿಪಿಯಲ್ಲೂ ಇಲ್ಲದ ಒಂದು ಸಾಲು: ಈ ಮಾತ್ರೆ ಯಾತಕ್ಕೆ, ಎಷ್ಟು ದಿನ.

ಆ ಸಾಲು ಸಿಗುವುದು ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ. ಅಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಕತ್ತರಿಯಿಂದ ಮಾತ್ರೆ ಹಾಳೆ ಕತ್ತರಿಸುತ್ತಾನೆ, ಎಕ್ಸ್‌ಪೈರಿ ತಾರೀಖು ಇರುವ ಕಡೆಯನ್ನು ನಿಯಮಿತವಾಗಿ ತನ್ನ ಬಳಿಯೇ ಉಳಿಸಿಕೊಳ್ಳುತ್ತಾನೆ, ಕಂದು ಕವರಿನ ಮೇಲೆ ಒಂದು-ಸೊನ್ನೆ-ಒಂದು ಬರೆಯುತ್ತಾನೆ. ಎಂಬಿಬಿಎಸ್ ಇಲ್ಲ, ಹಲವೊಮ್ಮೆ ಡಿ ಫಾರ್ಮವೂ ಇಲ್ಲ. ಆದರೆ ಜನ ಅವನನ್ನು ಪ್ರಶ್ನೆ ಕೇಳುತ್ತಾರೆ, ಅವನು ಉತ್ತರ ಹೇಳುತ್ತಾನೆ. ನಾಡಿನ ಹೊರರೋಗಿ ವಿಭಾಗ ನಿಜವಾಗಿ ನಡೆಯುತ್ತಿರುವುದು ಆ ಕೌಂಟರಿನಲ್ಲೇ.

‘ಈ ಗುಲಾಬಿ ಮಾತ್ರೆ ಯಾತಕ್ಕಪ್ಪಾ?’ ಎಂದು ಒಬ್ಬ ಅಜ್ಜಿ ಕೇಳುತ್ತಾರೆ.

‘ಬಿಪಿಗೆ ಅಜ್ಜಿ. ದಿನಾ ಬೆಳಿಗ್ಗೆ ಒಂದು. ಬಿಡಬಾರದು.’

‘ನಂಗೆ ಬಿಪಿ ಇದ್ಯಾ?’

‘ಡಾಕ್ಟ್ರು ಹೇಳ್ಲಿಲ್ವಾ?’

‘ಪಟ್ಟಿ ಕಟ್ಟಿ ನೋಡಿದ್ರು. ಮುಖ ಒಂಥರಾ ಮಾಡಿದ್ರು. ಪಾಪ, ಹೊರಗಡೆ ಅಷ್ಟೊಂದು ಜನ ಕಾಯ್ತಿದ್ರು, ನಾನೇನು ಕೇಳ್ಲಿ?’

‘ಎಷ್ಟಿತ್ತಂತೆ?’

‘ಚೀಟೀಲಿ ಬರ್ದಿದಾರೆ ನೋಡು.’

ಹುಡುಗ ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಓರೆ ಮಾಡಿ, ತಲೆಕೆಳಗು ಮಾಡಿ ನೋಡುತ್ತಾನೆ. ‘ನೂರಾ ಅರವತ್ತೋ ನೂರಾ ತೊಂಬತ್ತೋ ಇರ್ಬೇಕು ಅಜ್ಜಿ. ಯಾವುದಕ್ಕೂ ಉಪ್ಪಿನಕಾಯಿ ಬಿಡಿ.’